ಕುದ್ರು ಅಂದರೆ ಬರೀ ದ್ವೀಪ ಅಲ್ಲ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ನೀರಿನ ನಡುವಿನ ನೆಲದ ಹೆಸರುಗಳ ಬಗ್ಗೆ ಕೇಳಿವೆ. ಒಂದಕ್ಕೊಂದು ತಾಗಿಕೊಂಡಿರುವವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಡೆ ಉಪ್ಪಿನಕುದ್ರು, ಹೇರಿಕುದ್ರು, ಬಬ್ಬುಕುದ್ರು ಎಂದೆಲ್ಲ ಊರುಗಳಿವೆ. ಘಟ್ಟದ ಮೇಲಿನವರು ‘ಕುದ್ರು ಅಂದ್ರೆ ಏನು’ ಎಂದು ಕೇಳಿದಾಗ ‘ಸಣ್ಣ ದ್ವೀಪ’ ಅನ್ನುತ್ತೇನೆ. ಸರಿಯೇ? (ಕುಂದಾಪುರದ ಓದುಗರು)

ಉತ್ತರ: ತಪ್ಪಲ್ಲ, ಆದರೆ ಅರ್ಧ ಉತ್ತರ. ದ್ವೀಪ ಎಂದರೆ ಕೇಳಿದವರ ಕಣ್ಣಿಗೆ ಸಮುದ್ರ ಬರುತ್ತದೆ. ಕುದ್ರು ಸಮುದ್ರದ್ದಲ್ಲ, ಹೊಳೆಯದ್ದು. ಹೊಳೆಯೇ ತಂದು ಹಾಕಿದ ಮಣ್ಣಿನಿಂದ ಎದ್ದ, ಎರಡೂ ಪಕ್ಕ ಹೊಳೆ ಕವಲಾಗಿ ಹರಿಯುವ ತಗ್ಗು ನೆಲಕ್ಕೆ ತುಳುವಿನಲ್ಲೂ ಕುಂದಗನ್ನಡದಲ್ಲೂ ಕುದ್ರು ಎನ್ನುತ್ತಾರೆ. ಮೂಲ ರೂಪ ‘ಕುದುರು’. ನಡುವಿನ ಉಕಾರ ಬಾಯಲ್ಲಿ ಸವೆದು ಕುದ್ರು ಆಗಿದೆ.

ಕುದ್ರುಗಳೆಲ್ಲ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಬಾಯಿಯ, ಹತ್ತಿರವೇ ಗುಂಪುಗೂಡಿರುವುದಕ್ಕೆ ಕಾರಣವಿದೆ. ಘಟ್ಟದಿಂದ ಇಳಿದು ಬರುವ ಹೊಳೆ ಅಗಲವಾಗುತ್ತ ವೇಗ ಕಳೆದುಕೊಳ್ಳುತ್ತದೆ. ದಪ್ಪ ಮರಳು ಮೊದಲು ತಳ ಸೇರುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿರುವ ನುಣುಪು ಜೇಡಿ ಮಾತ್ರ ಸಿಹಿನೀರಿನಲ್ಲಿ ಸುಲಭಕ್ಕೆ ಕೂರುವುದಿಲ್ಲ, ಕಣಗಳು ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಉಪ್ಪುನೀರು ಬೆರೆತ ಜಾಗಕ್ಕೆ ಬಂದಾಗ ಆ ದೂಡಾಟ ನಿಲ್ಲುತ್ತದೆ. ಹಾಲಿಗೆ ಹುಳಿ ಹಿಂಡಿದಂತೆ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ಕೆಳಗಿಳಿಯುತ್ತವೆ. ದಿನಕ್ಕೆ ಎರಡು ಸಲ ಉಬ್ಬರ ಬಂದು ಹೊಳೆಯನ್ನು ಹಿಂದಕ್ಕೆ ತಳ್ಳುವಾಗ ನೀರು ಗಳಿಗೆ ಹೊತ್ತು ನಿಂತೇಬಿಡುತ್ತದೆ. ಇನ್ನಷ್ಟು ಮಣ್ಣು ಕೂರುವುದು ಆಗ. ದಿಬ್ಬ ನೀರಿನಿಂದ ಸ್ವಲ್ಪ ತಲೆ ಎತ್ತಿದರೆ ಕಾಂಡ್ಲ (ಮ್ಯಾಂಗ್ರೋವ್) ಗಿಡ ಬೇರೂರುತ್ತದೆ, ಅದರ ಬೇರಿನ ಜಾಲ ಮುಂದಿನ ವರ್ಷದ ಮಣ್ಣನ್ನೂ ಹಿಡಿಯುತ್ತದೆ. ಅದಾದ ಮೇಲೆ ಮನುಷ್ಯ ಬಂದು ದಂಡೆ ಕಟ್ಟಿ ತೆಂಗು ನೆಡುತ್ತಾನೆ.

ಪುರಾವೆ ಬೇಕಿದ್ದರೆ ಇಳಿತದ ಹೊತ್ತಿನಲ್ಲಿ ದೋಣಿ ಇಳಿದು, ಹೊಳೆ ಕೊರೆದ ಅಂಚನ್ನು ನೋಡಬೇಕು. ಮೇಲೆ ತೆಂಗಿನ ಬೇರು ಹೆಣೆದ ಕಂದು ಮಣ್ಣು, ಅದರ ಕೆಳಗೆ ಒಂದು ಪಟ್ಟಿ ಮರಳು, ಆಮೇಲೆ ಬೆರಳಿಟ್ಟರೆ ಬೆಣ್ಣೆಯಂತೆ ಒಳಹೋಗುವ ಕಪ್ಪು ಕೆಸರು, ಮತ್ತೆ ಮರಳು, ನಡುನಡುವೆ ಮರುವಾಯಿ ಎಂಬ ಕಪ್ಪೆಚಿಪ್ಪು. ಮರಳಿನ ಪಟ್ಟಿ ಎಂದರೆ ನೆರೆ ಜೋರಾಗಿದ್ದ ಕಾಲ, ಕೆಸರಿನ ಪಟ್ಟಿ ಎಂದರೆ ನೀರು ಸುಮ್ಮನಿದ್ದ ಕಾಲ. ಎಲ್ಲಿಯೂ ಬಂಡೆ ಕಾಣಿಸುವುದಿಲ್ಲ. ಹಾಗಾಗಿಯೇ ಕುದ್ರು ಒಂದೇ ಕಡೆ ನಿಲ್ಲುವುದೂ ಇಲ್ಲ. ಹೊಳೆ ಬಂದು ಬಡಿಯುವ ಮೂಡುಗಡೆಯ ತಲೆ ಸವೆಯುತ್ತದೆ, ಪಡುಗಡೆಯ ಬಾಲಕ್ಕೆ ಹೊಸ ಮಣ್ಣು ಸೇರುತ್ತದೆ. ಪಕ್ಕದ ಹೊಳೆಯಲ್ಲಿ ಮರಳನ್ನು ಆಳಕ್ಕೆ ತೆಗೆದರೆ ಅಂಚಿನ ಬುಡ ಬರಿದಾಗಿ, ತೆಂಗಿನ ಸಾಲು ಸಾಲೇ ಹೊಳೆಗೆ ಬೀಳುವುದೂ ಇದರಿಂದಲೇ. ಮೇಲೆ ಎಷ್ಟು ಕಲ್ಲು ಕಟ್ಟಿದರೂ ಬುಡದ ಕೆಸರು ಜಾರಿದರೆ ಗೋಡೆ ಮಗುಚುತ್ತದೆ.

ಕುಂದಾಪುರ–ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟ ಐದೂ ಕೂಡುವ ಪಂಚಗಂಗಾವಳಿಯ ಸುತ್ತ ಇಷ್ಟೊಂದು ಕುದ್ರುಗಳು ಇರುವುದರಲ್ಲಿ ಆಶ್ಚರ್ಯವೇನಿಲ್ಲ. ಐದು ಹೊಳೆಯ ಮಣ್ಣು ಇಳಿಯುವುದು ಒಂದೇ ಬಾಗಿಲಲ್ಲಿ. ಉಡುಪಿ ಕಡೆ ಸ್ವರ್ಣಾ ನದಿಯಲ್ಲೂ ಹಾಗೆಯೇ: ಪಡುಕುದ್ರು, ಮೂಡುಕುದ್ರು, ಕೆಮ್ಮಣ್ಣಿನ ತೂಗುಸೇತುವೆ ದಾಟಿ ಹೋಗುವ ತಿಮ್ಮಣ್ಣಕುದ್ರು. ಹೆಸರಿನ ಮೊದಲ ಭಾಗ ದಿಕ್ಕು (ಮೂಡು, ಪಡು), ವಸ್ತು (ಉಪ್ಪು) ಅಥವಾ ವ್ಯಕ್ತಿ, ಕೊನೆಯದು ನೆಲದ ಜಾತಿ. ಉಪ್ಪಿನಕುದ್ರು ಯಕ್ಷಗಾನ ಗೊಂಬೆಯಾಟದಿಂದ ಹೊರಗಿನವರಿಗೂ ಗೊತ್ತಾದ ಊರು. ಅಲ್ಲಿನ ಕಾಮತರ ಮನೆತನ ಅದನ್ನು ತಲೆಮಾರುಗಳಿಂದ ಆಡಿಸುತ್ತ ಬಂದಿದೆ.

ಪ್ರಶ್ನೆ: ‘ವ್ಯಾಪಾರ ಕುದುರಿತು’, ‘ಆರೋಗ್ಯ ಕುದುರಿತು’ ಎನ್ನುತ್ತೇವಲ್ಲ, ಆ ಕುದುರು ಮತ್ತು ಈ ಕುದುರು ಒಂದೇ ಇರಬಹುದೇ? ಮಣ್ಣು ಬಂದು ‘ಕುದುರಿ’ ನೆಲವಾಯಿತು ಎಂದು? (ಶಿವಮೊಗ್ಗ)

ಉತ್ತರ: ಒಳ್ಳೆಯ ಊಹೆ, ಅರ್ಥ ಚೆನ್ನಾಗಿ ಹೊಂದುತ್ತದೆ. ವ್ಯಾಕರಣದ ಅಡ್ಡಿಯೂ ಇಲ್ಲ. ಕನ್ನಡದಲ್ಲಿ ‘-ರು’ ಕೊನೆಯ ಎಷ್ಟೋ ಪದಗಳು ಕ್ರಿಯೆಯೂ ಹೌದು, ಹೆಸರೂ ಹೌದು: ಚಿಗುರು, ಬೆವರು, ಉಸಿರು, ತೊಡರು, ಒಸರು. ಕುದುರು ಈ ಸಾಲಿಗೆ ಸೇರಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಆದರೂ ನಾವು ಸಹಿ ಹಾಕುವುದಿಲ್ಲ. ಕ್ರಿಯಾಪದ ‘ಕುದುರು’ ಇಡೀ ಕನ್ನಡ ನಾಡಿನಲ್ಲಿದೆ. ಹೊಳೆ ನಡುವಿನ ನೆಲವನ್ನು ‘ಕುದುರು’ ಎನ್ನುವುದು ಕರಾವಳಿಯಲ್ಲಿ, ತುಳುವಿನ ಜೊತೆಯಲ್ಲಿ ಮಾತ್ರ. ಕಾವೇರಿ, ತುಂಗಭದ್ರಾ, ಕೃಷ್ಣೆಗಳಲ್ಲಿ ಬೇಕಾದಷ್ಟು ನಡುಗಡ್ಡೆಗಳಿವೆ, ಒಂದನ್ನೂ ಅಲ್ಲಿಯವರು ಕುದುರು ಎಂದು ಕರೆದಿಲ್ಲ. ಕ್ರಿಯಾಪದದಿಂದ ಹುಟ್ಟಿದ ಹೆಸರಾದರೆ ಅದು ಕರಾವಳಿಗೇ ಯಾಕೆ ಕಟ್ಟುಬಿತ್ತು ಎಂದು ಹೇಳಬೇಕಾಗುತ್ತದೆ. ಅರ್ಥ ಹೊಂದಿತು ಎಂಬುದೊಂದನ್ನೇ ನೆಚ್ಚಿ ಪದದ ಬೇರು ಹೇಳುವುದರಲ್ಲಿ ಮೋಸ ಹೆಚ್ಚು. ಇನ್ನೊಂದು ಎಚ್ಚರಿಕೆ: ಕುದ್ರು ಹೆಸರಿನ ಕೊನೆಯಲ್ಲಿದ್ದರೆ ನಂಬಬಹುದು. ಮೊದಲಲ್ಲಿ ‘ಕುದು-’ ಕಂಡ ಕೂಡಲೇ ದ್ವೀಪ ಹುಡುಕಬೇಡಿ. ಕುದುರೆಮುಖದಲ್ಲಿರುವುದು ಕುದುರೆಯೇ. ಮಾಗಡಿ ತಾಲೂಕಿನ ಕುದೂರಿನಲ್ಲಿ ‘ದೂ’ ದೀರ್ಘ, ಕೊನೆಯಲ್ಲಿ ‘ಊರು’ ಇದೆ.

ಪ್ರಶ್ನೆ: ನಮ್ಮ ಹೊನ್ನಾವರ, ಕುಮಟಾ ಕಡೆ ಕುದ್ರು ಇಲ್ಲ, ಕುರ್ವೆ ಇದೆ. ಎರಡೂ ಒಂದೇ ಪದವೇ? (ಹೊನ್ನಾವರ)

ಉತ್ತರ: ಒಂದೇ ವಸ್ತು, ಎರಡು ಪದ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ ಇವೆಲ್ಲ ನಿಮ್ಮ ತಾಲೂಕುಗಳ ಕುದ್ರುಗಳೇ. ‘ಕುರುವೆ’ಯ ನಡುವಿನ ಉಕಾರ ಬಿದ್ದು ಕುರ್ವೆ ಆಗಿದೆ, ಕುದುರು ಕುದ್ರು ಆದ ಹಾಗೆಯೇ. ಆದರೆ ‘ದು’ ಇರುವ ಪದವೂ ‘ರುವ’ ಇರುವ ಪದವೂ ಒಂದೇ ಬೇರಿನವು ಎನ್ನಬೇಕಾದರೆ, ಅದೇ ರೀತಿ ಬದಲಾದ ಇನ್ನೂ ನಾಲ್ಕು ಜೋಡಿಗಳನ್ನಾದರೂ ಮುಂದಿಡಬೇಕು. ಮೊದಲಕ್ಷರ ‘ಕು’ ಎಂಬ ಹೋಲಿಕೆ ಸಾಲದು.

ಈ ‘ಕುರುವ’ ಎಷ್ಟು ದೂರ ಹೋಗಿದೆ ನೋಡಿ. ರಾಯಚೂರಿನ ಹತ್ತಿರ ಕೃಷ್ಣೆಯ ನಡುವೆ ಕುರ್ವಕಲಾ, ಕುರ್ವಕುರ್ದಾ ಎಂಬ ಎರಡು ಊರುಗಳಿವೆ. ಮೊದಲ ತುಂಡು ಅಚ್ಚ ಕನ್ನಡದ ಕುರುವ. ಎರಡನೆಯದು ಹಳೆಯ ಕಂದಾಯ ದಫ್ತರದ ಪಾರಸಿ: ಕಲಾನ್ ಎಂದರೆ ದೊಡ್ಡದು, ಖುರ್ದ್ ಎಂದರೆ ಸಣ್ಣದು. ದೊಡ್ಡ ಕುರುವ, ಸಣ್ಣ ಕುರುವ, ಅಷ್ಟೇ. ವಯನಾಡಿನಲ್ಲಿ ಕಬಿನಿಯ ನಡುವಿನ ‘ಕುರುವ ದ್ವೀಪ’ವನ್ನೂ ನಾವು ಇದೇ ಪದವೆಂದೇ ಓದುತ್ತೇವೆ. ಹಾಗಾದರೆ ಆ ಹೆಸರಿನ ಅರ್ಥ ‘ದ್ವೀಪ ದ್ವೀಪ’! ಹಳೆಯ ಪದದ ಅರ್ಥ ಮರೆತಾಗ ಜನ ಹೊಸದೊಂದನ್ನು ಬೆನ್ನಿಗೆ ಕಟ್ಟುತ್ತಾರೆ. ಈಗೀಗ ಪ್ರವಾಸದ ಫಲಕಗಳಲ್ಲಿ ಕಾಣುವ ‘ಕುದ್ರು ದ್ವೀಪ’ವೂ ಅದೇ ದಾರಿ ಹಿಡಿದಿದೆ.

ಪ್ರಶ್ನೆ: ವಿರುಪಾಪುರ ‘ಗದ್ದಿ’ ಎಂದು ಕೆಲವರು ಬರೆಯುತ್ತಾರೆ. ಅಲ್ಲಿ ಯಾವುದಾದರೂ ಮಠದ ಗದ್ದುಗೆ ಇತ್ತೇ? (ಬೆಂಗಳೂರು)

ಉತ್ತರ: ಇಲ್ಲ. ಇದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರನ್ನು ತಿರುಗಿ ಕನ್ನಡಕ್ಕೆ ತಂದಾಗ ಆಗುವ ಎಡವಟ್ಟು. ಹಂಪಿಯ ಎದುರು ತುಂಗಭದ್ರೆಯಲ್ಲಿರುವುದು ವಿರುಪಾಪುರ ಗಡ್ಡೆ. ಗಡ್ಡೆ ಎಂದರೆ ಉಂಡೆಗಟ್ಟಿದ್ದು: ಆಲೂಗಡ್ಡೆ, ಮಂಜುಗಡ್ಡೆಯಲ್ಲಿರುವ ಅದೇ ಪದ. ಹೊಳೆಯ ನಡುವೆ ಉಂಡೆಯಂತೆ ಎದ್ದ ನೆಲವೂ ಗಡ್ಡೆ. ನಾವು ಪಠ್ಯಪುಸ್ತಕದಲ್ಲಿ ಓದಿದ ‘ನಡುಗಡ್ಡೆ’ಯ ಒಡಲು ಇದೇ. ಉತ್ತರ ಕರ್ನಾಟಕದಲ್ಲಿ ಮನೆ ಮನಿಯಾಗಿ, ಹೊಳೆ ಹೊಳಿಯಾಗುವಂತೆ ಗಡ್ಡೆ ಗಡ್ಡಿಯಾಗುತ್ತದೆ. ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ, ಲಿಂಗಸುಗೂರು ತಾಲೂಕಿನ ಕಡದರಗಡ್ಡಿ, ರಾಯಚೂರಿನ ನಾರದಗಡ್ಡೆ ಎಲ್ಲವೂ ಕೃಷ್ಣೆಯವು. ನಾರಾಯಣಪುರದ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಸುದ್ದಿಯಲ್ಲಿ ‘ಗಡ್ಡಿಗಳ ಸಂಪರ್ಕ ಕಡಿತ’ ಎಂದು ಬರುತ್ತದಲ್ಲ, ಆ ಗಡ್ಡಿಗಳು.

ಕುದ್ರಿಗೂ ಗಡ್ಡೆಗೂ ಒಂದು ವ್ಯತ್ಯಾಸ ಗಮನಿಸಿ. ಒಳನಾಡಿನ ಗಡ್ಡೆಗೆ ಬಹಳ ಕಡೆ ಅಡಿಯಲ್ಲಿ ಬಂಡೆಯಿರುತ್ತದೆ, ತುಂಗಭದ್ರೆಯ ಗಡ್ಡೆಗಳಲ್ಲಿ ಕಲ್ಲು ಕಣ್ಣಿಗೇ ರಾಚುತ್ತದೆ. ಹೊಳೆ ಬಂಡೆಯನ್ನು ಬಳಸಿ ಎರಡಾಗಿದೆ. ಅಲ್ಲಿ ಉಬ್ಬರವಿಲ್ಲ, ಉಪ್ಪಿಲ್ಲ, ಕಾಂಡ್ಲವಿಲ್ಲ.

ಪ್ರಶ್ನೆ: ರಂಗನತಿಟ್ಟಿನ ‘ತಿಟ್ಟು’? (ಮಂಡ್ಯ)

ಉತ್ತರ: ತಿಟ್ಟು ಎಂದರೆ ಎತ್ತರದ ನೆಲ, ದಿಬ್ಬ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪುಟ್ಟ ನಡುಗಡ್ಡೆಗಳಿಗೆ ಈ ಹೆಸರು. 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಪಕ್ಕದ ‘ರಂಗ’ನ ವಿಷಯವೂ ಸ್ವಾರಸ್ಯದ್ದು. ತಮಿಳಿನ ‘ಅರಂಗಂ’ ಪದಕ್ಕೆ ಹೊಳೆ ನಡುವಿನ ನೆಲ ಎಂಬ ಅರ್ಥವೂ ಇದೆ. ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗಂ, ಮೂರೂ ಕಾವೇರಿಯ ನಡುಗಡ್ಡೆಗಳೇ.

ಪ್ರಶ್ನೆ: ದ್ವೀಪ ಎಂಬ ಸಂಸ್ಕೃತ ಪದದಲ್ಲಿ ‘ದ್ವಿ’ ಕಾಣಿಸುತ್ತದೆ. ದ್ವೀಪಕ್ಕೆ ನಾಲ್ಕೂ ಕಡೆ ನೀರಿರುವಾಗ ‘ಎರಡು’ ಯಾಕೆ? (ಧಾರವಾಡ)

ಉತ್ತರ: ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದೀರಿ. ದ್ವಿ + ಅಪ್, ಅಂದರೆ ಎರಡು ನೀರು, ಎರಡು ಕಡೆ ನೀರಿರುವುದು. ಸಂಧಿಯಲ್ಲಿ ‘ದ್ವ್ಯಪ’ ಆಗಬೇಕಿತ್ತು. ದ್ವಿ, ಅಂತರ್ ಮತ್ತು ಉಪಸರ್ಗಗಳ ಮುಂದೆ ಅಪ್ ಬಂದರೆ ಅದರ ‘ಅ’ಕಾರ ‘ಈ’ ಆಗುತ್ತದೆ ಎಂದು ಪಾಣಿನಿಯ ಸೂತ್ರ (6.3.97). ಆದ್ದರಿಂದ ದ್ವೀಪ, ಅಂತರೀಪ, ಪ್ರತೀಪ. ಸಮೀಪವೂ ಇದೇ ಅಚ್ಚಿನಲ್ಲಿ ಎರಕವಾದ ಪದ. ದಿನಕ್ಕೆ ಹತ್ತು ಸಲ ‘ಸಮೀಪ’ ಎನ್ನುವಾಗ ಅದರೊಳಗೆ ನೀರಿದೆ ಎಂದು ಯಾರಿಗೂ ಅನಿಸುವುದಿಲ್ಲ. ಮರುಸೂತ್ರದಲ್ಲಿ ‘ಅನು’ವಿನ ಮುಂದೆ ‘ಊ’ ಆಗಿ, ನೀರು ಹೆಚ್ಚಿರುವ ನಾಡಿಗೆ ‘ಅನೂಪ’ ಬಂದಿದೆ.

‘ಎರಡು ನೀರು’ ಸಮುದ್ರದ ದ್ವೀಪಕ್ಕಿಂತ ಕುದ್ರಿಗೇ ಹೆಚ್ಚು ಒಪ್ಪುತ್ತದೆ: ಹೊಳೆ ಎಡಕ್ಕೊಂದು ಬಲಕ್ಕೊಂದು ಕವಲಾಗಿ ಹರಿದು ಮುಂದೆ ಕೂಡುತ್ತದೆ. ವ್ಯಾಸರಿಗೆ ದ್ವೈಪಾಯನ ಎಂಬ ಹೆಸರು ಬಂದದ್ದೂ ಯಮುನೆಯ ನಡುಗಡ್ಡೆಯಲ್ಲಿ ಹುಟ್ಟಿದ್ದಕ್ಕೆ, ಸಮುದ್ರದಲ್ಲಲ್ಲ. ಅಮರಕೋಶ ಇನ್ನೂ ನಾಜೂಕಾಗಿ ಬಿಡಿಸುತ್ತದೆ. ನೀರಿನೊಳಗಿನ ದಡ ದ್ವೀಪ ಅಥವಾ ಅಂತರೀಪ, ನೀರು ಇಳಿದಾಗ ಮೇಲೆದ್ದು ಕಾಣುವುದು ಪುಲಿನ, ಬರೀ ಮರಳಿನದಾದರೆ ಸೈಕತ. ಮಗುಕುದ್ರು ಪುಲಿನ, ಬೆಳೆದ ಕುದ್ರು ದ್ವೀಪ ಎನ್ನಬಹುದು.

ಚಿರತೆಗೆ ‘ದ್ವೀಪಿ’ ಎಂದು ಹೆಸರಿದೆ. ಮೈಮೇಲಿನ ಚುಕ್ಕೆಗಳೇ ದ್ವೀಪಗಳು!

ಪ್ರಶ್ನೆ: ಜೀಗುಜ್ಜೆಗೆ ನಮ್ಮಜ್ಜಿ ದೀವಿಹಲಸು ಎನ್ನುತ್ತಿದ್ದರು. ದೀವಿ ಎಂದರೇನು? (ಪುತ್ತೂರು)

ಉತ್ತರ: ದ್ವೀಪವೇ. ಸಂಸ್ಕೃತದ ದ್ವೀಪ ಪ್ರಾಕೃತದಲ್ಲಿ ದೀವ, ನಮ್ಮಲ್ಲಿ ದೀವಿ. ಪೆಸಿಫಿಕ್ ದ್ವೀಪಗಳ ಕಡೆಯಿಂದ ಹಡಗಿನಲ್ಲಿ ಬಂದ ಕಾಯಿ, ನೋಡಲು ಎಳೆ ಹಲಸಿನಂತೆ, ಹಾಗಾಗಿ ‘ದ್ವೀಪದ ಹಲಸು’. ದೀಗುಜ್ಜೆ ಎನ್ನುವವರೂ ಇದ್ದಾರೆ, ಗುಜ್ಜೆ ಎಂದರೆ ತುಳುವಿನಲ್ಲಿ ಎಳೆಯ ಹಲಸು. ‘ದೀ’ ಬಾಯಲ್ಲಿ ‘ಜೀ’ ಆದದ್ದು ಆಮೇಲೆ. ಕೃಷ್ಣೆ ಸಮುದ್ರ ಸೇರುವಲ್ಲಿನ ದಿವಿಸೀಮೆ, ಗುಜರಾತಿನ ದಿಯು, ಲಕ್ಷದ್ವೀಪದ ಅಮಿನ್‌ದಿವಿ ಎಲ್ಲ ಒಂದೇ ಬಳ್ಳಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನ್‌ದಿವಿ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇತ್ತು. ಮಂಗಳೂರಿನವರ ಬಾಯಲ್ಲಿ ದೀವಿ ಎಂಬ ಪದ ಬೆಚ್ಚಗಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಪಾಳಿಯಲ್ಲಿ ದ್ವೀಪವೂ ದೀಪವೂ ‘ದೀಪ’ವೇ ಆಗುತ್ತವೆ. ಬುದ್ಧನ ‘ಅತ್ತದೀಪಾ ವಿಹರಥ’ ಎಂಬ ಮಾತನ್ನು ‘ನಿನಗೆ ನೀನೇ ದೀಪವಾಗು’ ಎಂದು ಎಲ್ಲರೂ ಹೇಳುತ್ತಾರಲ್ಲ, ಪಾಳಿಯ ಅಟ್ಟಕಥೆಯೂ (ಹಳೆಯ ವ್ಯಾಖ್ಯಾನ) ಸಂಸ್ಕೃತದ ಸಮಾನಪಾಠವೂ ಅಲ್ಲಿ ದ್ವೀಪವನ್ನೇ ಹಿಡಿಯುತ್ತವೆ. ನೆರೆಯಲ್ಲಿ ಕಾಲೂರಲು ಸಿಗುವ ನೆಲ. ಕುದ್ರಿನವರಿಗೆ ಬೇರೆ ವಿವರಣೆ ಬೇಡ.

ಪ್ರಶ್ನೆ: ಇದು ಭಾಷೆಯ ಪ್ರಶ್ನೆಯಲ್ಲ, ಕ್ಷಮಿಸಿ. ಕುದ್ರಿನ ನಮ್ಮ ಮನೆಯ ಬಾವಿ ಮಾರ್ಚ್ ಮುಗಿಯುವುದರೊಳಗೆ ಉಪ್ಪಾಗುತ್ತದೆ. ಇನ್ನೂ ಆಳ ತೋಡಿಸಲೇ? (ಬ್ರಹ್ಮಾವರ)

ಉತ್ತರ: ತೋಡಿಸಬೇಡಿ. ಕುದ್ರಿನ ಅಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿದೆ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ ನೀರಿನದು ಸುಮಾರು 1.025. ಲೆಕ್ಕ ಹಾಕಿದರೆ, ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ತಿರುಗಿಸಿ ನೋಡಿ: ಪಂಪು ಹಾಕಿ ಮೇಲಿನ ಆ ಒಂದಡಿಯನ್ನು ಎಳೆದುಬಿಟ್ಟರೆ ಕೆಳಗಿನಿಂದ ಉಪ್ಪು 40 ಅಡಿ ಮೇಲೇರಲು ದಾರಿಯಾಯಿತು. ಇದು ಕಾಗದದ ಮೇಲಿನ ಲೆಕ್ಕ. ಕುದ್ರಿನಲ್ಲಿ ಜೇಡಿ–ಮರಳು ಪದರಗಳಿಂದ ಹೆಚ್ಚುಕಡಿಮೆ ಆಗುತ್ತದೆ, ದಿಕ್ಕು ಮಾತ್ರ ಬದಲಾಗುವುದಿಲ್ಲ. ಆಳ ತೋಡಿದಷ್ಟೂ ನೀವೇ ಉಪ್ಪಿನ ಹತ್ತಿರ ಹೋಗುತ್ತೀರಿ.

ಬಾವಿ ಆಳವಿಲ್ಲದೆ ಅಗಲವಾಗಿರಲಿ. ಹೊಳೆಯ ಅಂಚು ಬಿಟ್ಟು ಕುದ್ರಿನ ನಡುಭಾಗದಲ್ಲಿರಲಿ, ಸಿಹಿನೀರಿನ ಪದರ ದಪ್ಪ ಇರುವುದು ಅಲ್ಲೇ. ಪಂಪು ಸಣ್ಣದಿರಲಿ. ಒಂದೇ ಉಸಿರಿಗೆ ಗಂಟೆಗಟ್ಟಲೆ ಓಡಿಸದೆ, ಸ್ವಲ್ಪ ಎತ್ತಿ, ಬಾವಿ ತುಂಬಿದ ಮೇಲೆ ಮತ್ತೆ ಎತ್ತಿ. ಹೀರುವ ಕೊಳವೆ ತಳ ಮುಟ್ಟದಿರಲಿ, ನೀರಿನ ಮೇಲ್ಪದರದಲ್ಲೇ ನಿಲ್ಲಲಿ. ಮಾಡಿನ ಮಳೆನೀರನ್ನು ಹೊಳೆಗೆ ಬಿಡದೆ ತೋಟದ ಇಂಗುಗುಂಡಿಗೆ ತಿರುಗಿಸಿ. ಒಮ್ಮೆ ಉಪ್ಪಾದ ಬಾವಿಯನ್ನು ‘ತೊಳೆಯಲು’ ಖಾಲಿ ಮಾಡುವ ಅಭ್ಯಾಸ ಕೆಲವರಲ್ಲಿದೆ. ಅದರಿಂದ ಇನ್ನಷ್ಟು ಉಪ್ಪನ್ನು ಕರೆದ ಹಾಗಾಗುತ್ತದೆ. ಮುಂದಿನ ಮಳೆಯ ತನಕ ಬಿಟ್ಟುಬಿಡುವುದೇ ಮದ್ದು.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ಕುದ್ರುವೇ? ಕೋಡಿಬೆಂಗ್ರೆ? (ಉಡುಪಿ)

ಉತ್ತರ: ಎರಡೂ ಅಲ್ಲ. ಸೇಂಟ್ ಮೇರೀಸ್ ಸಮುದ್ರದೊಳಗಿನ ಬಂಡೆ, ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗುವಾಗ ಕಂಬಕಂಬವಾಗಿ ಸೀಳಿದ್ದು. ಹೊಳೆಯ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಮರಳುಪಟ್ಟಿ, ಒಂದು ತುದಿ ನೆಲಕ್ಕೆ ಅಂಟಿರುತ್ತದೆ. ಮಂಗಳೂರಿನ ತೋಟಬೆಂಗ್ರೆ, ಕಸಬಾ ಬೆಂಗ್ರೆಯೂ ಹಾಗೆಯೇ. ನಡೆದೇ ಹೋಗಬಹುದಾದರೆ ಬೆಂಗ್ರೆ, ದೋಣಿಯೋ ಸೇತುವೆಯೋ ಬೇಕಾದರೆ ಕುದ್ರು.

ಪ್ರಶ್ನೆ: ಬರೆಯುವಾಗ ‘ಕುದ್ರುವಿನಲ್ಲಿ’ ಸರಿಯೋ ‘ಕುದ್ರಿನಲ್ಲಿ’ ಸರಿಯೋ? (ಮುಂಬಯಿ)

ಉತ್ತರ: ಕುದ್ರಿನಲ್ಲಿ, ಕುದ್ರಿಗೆ, ಕುದ್ರಿನ, ಕುದ್ರಿನಿಂದ. ‘ಊರು’ ಪದವನ್ನು ಹೇಗೆ ನಡೆಸುತ್ತೀರೋ ಹಾಗೆಯೇ: ಊರಿನಲ್ಲಿ, ಊರಿಗೆ. ‘ಗುರುವಿನಲ್ಲಿ’ ಎಂಬಂತೆ ವಕಾರ ಬರುವುದು ಸಾಮಾನ್ಯವಾಗಿ ಗುರು, ಮಧು, ವಸ್ತುಗಳಂಥ ಸಂಸ್ಕೃತದ ಉಕಾರಾಂತ ಪದಗಳಿಗೆ, ಇದು ದೇಸಿ ಪದ. ಬಹುವಚನ ಕುದ್ರುಗಳು. ಊರಿನ ಹೆಸರಾದಾಗ ಬಿಡಿಸದೆ ಕೂಡಿಸಿ ಬರೆಯಿರಿ: ಉಪ್ಪಿನಕುದ್ರು. ‘ಉಪ್ಪಿನ ಕುದ್ರು’ ಎಂದು ಬಿಡಿಸಿದರೆ ಉಪ್ಪು ಮಾರುವ ಕುದ್ರು ಯಾವುದೆಂದು ಹುಡುಕಿಕೊಂಡು ಯಾರಾದರೂ ಬಂದಾರು.